ಗೊಟ್ಟ ಎತ್ತುವ ಮೊದಲು

ಮುಂಗೈ ದಪ್ಪದ ಬಿದಿರು. ಒಂದು ತುದಿಯಲ್ಲಿ ಗಿಣ್ಣು ಉಳಿಸಿಕೊಂಡು, ಇನ್ನೊಂದನ್ನು ಮಚ್ಚಿನಿಂದ ಓರೆಯಾಗಿ ಕೊಯ್ದು, ಆ ಓರೆಯ ಅಂಚನ್ನು ಕಲ್ಲಿಗೆ ಉಜ್ಜಿ ಉಜ್ಜಿ, ನಾಲಿಗೆಗೆ ತಾಗಿದರೂ ಗೀರದಷ್ಟು ನುಣುಪು ಮಾಡಿದರೆ ಗೊಟ್ಟ ಸಿದ್ಧ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಸಿಕ್ಕಿಸಿಟ್ಟರೆ ಕುಟ್ಟೆ ಹಿಡಿಯುತ್ತಿರಲಿಲ್ಲ. ದನ ಕಟ್ಟಿದ ಮನೆಯಲ್ಲೆಲ್ಲ ಇಂಥದ್ದೊಂದು ಇರುತ್ತಿತ್ತು. ಆದರೆ ಅದನ್ನು ಎತ್ತಲು ಬರುವವರು ಊರಿಗೆ ಒಬ್ಬಿಬ್ಬರೇ. ಹಸು ಹೊಟ್ಟೆಯುಬ್ಬರಿಸಿ ನಿಂತಿದೆ ಎಂದರೆ ಕಷಾಯ ಕಾಸುವವರು ಮನೆಮಂದಿಯೇ. ಓಮ, ಇಂಗು, ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ವೀಳ್ಯದೆಲೆಗಳನ್ನು ಜಜ್ಜಿ ಕುದಿಸುವುದು ಯಾವ ಅಜ್ಜಿಗೆ ಗೊತ್ತಿರಲಿಲ್ಲ? ಅದನ್ನು ಹುಯ್ಯಲು ಮಾತ್ರ ಆಚೆಬೀದಿಯಿಂದ ಒಬ್ಬರನ್ನು ಕರೆಸಬೇಕಾಗುತ್ತಿತ್ತು.

ಆ ಏರ್ಪಾಡಿನಲ್ಲಿ ಒಂದು ವಿವೇಕವಿತ್ತು ಎಂದು ನನಗೆ ಅನ್ನಿಸುತ್ತದೆ. ಈಗ ಔಷಧಿಯ ಪಟ್ಟಿ ಎಲ್ಲರ ಮೊಬೈಲಿನಲ್ಲೂ ಇದೆ, ಎಷ್ಟು ಗ್ರಾಂ ಜೀರಿಗೆ, ಎಷ್ಟು ಎಸಳು ಬೆಳ್ಳುಳ್ಳಿ ಎಂಬ ಲೆಕ್ಕವೂ ಇದೆ. ಹುಯ್ಯುವ ಕೈಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಹೊಟ್ಟೆಗೆ ಹೋಗಬೇಕಾದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ, ಅಜೀರ್ಣದಿಂದ ಎರಡು ದಿನದಲ್ಲಿ ಚೇತರಿಸಿಕೊಳ್ಳಬಹುದಾಗಿದ್ದ ಹಸು ನಿಮೋನಿಯಾದಿಂದ ಸಾಯುತ್ತದೆ. ಪಶುವೈದ್ಯರು ಇದನ್ನು ಡ್ರೆಂಚಿಂಗ್ ನಿಮೋನಿಯಾ ಎಂದೇ ಕರೆಯುತ್ತಾರೆ. ರೋಗಾಣು ತಂದ ಕಾಯಿಲೆಯಲ್ಲ, ಉಪಚಾರ ತಂದದ್ದು.

ಗೊಟ್ಟದ ನಂತರ ಗಾಜಿನ ಬಾಟಲಿ ಬಂತು. ಬಿಯರ್ ಬಾಟಲಿಯ ಕತ್ತಿಗೆ ಸೈಕಲ್ ಟ್ಯೂಬು ಸುತ್ತಿ, ದವಡೆ ಹಲ್ಲಿಗೆ ಸಿಕ್ಕಿ ಒಡೆಯದಿರಲಿ ಎಂದು ದೇವರ ಮೇಲೆ ಭಾರ ಹಾಕಿ ಕುಡಿಸುವ ಕಾಲ ಅದು. ಈಗ ಪ್ಲಾಸ್ಟಿಕ್ ನೀರಿನ ಬಾಟಲಿ. ಅಗಿದರೂ ಒಡೆಯುವುದಿಲ್ಲ ಎಂಬುದೊಂದೇ ಅದರ ಗುಣ. ಅವಸರದಲ್ಲಿ ಹಿಂಡಿದರೆ ಕಾಲು ಲೀಟರ್ ಒಮ್ಮೆಗೇ ಗಂಟಲಿಗೆ ಚಿಮ್ಮುತ್ತದೆ. ಬಿದಿರು ಹಿಂಡಲು ಬಾರದ ವಸ್ತು. ಎಷ್ಟು ಬಾಗಿಸಿದೆವೋ ಅಷ್ಟೇ ಸುರಿಯುವುದು ಅದರ ಹೆಚ್ಚುಗಾರಿಕೆ.

ಗಂಟಲಿನ ಕವಲು

ದನದ ಬಾಯಿಯ ಹಿಂಭಾಗದಲ್ಲಿ ದಾರಿ ಎರಡಾಗುತ್ತದೆ, ಒಂದು ಅನ್ನನಾಳಕ್ಕೆ, ಇನ್ನೊಂದು ಶ್ವಾಸನಾಳಕ್ಕೆ. ನುಂಗುವ ಗಳಿಗೆಯಲ್ಲಿ ಮಾತ್ರ ಶ್ವಾಸನಾಳದ ಬಾಗಿಲು ಮುಚ್ಚಿಕೊಳ್ಳುತ್ತದೆ. ನುಂಗಬೇಕಾದರೆ ನಾಲಿಗೆ ಹಿಂದಕ್ಕೆ ಒತ್ತಬೇಕು, ಕತ್ತು ಸಹಜವಾದ ಬಾಗಿನಲ್ಲಿರಬೇಕು. ಇಷ್ಟು ಗೊತ್ತಿದ್ದರೆ, ಕೊಟ್ಟಿಗೆಗಳಲ್ಲಿ ದಿನವೂ ನಡೆಯುವ ಎರಡು ತಪ್ಪುಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ಮೂಗುದಾರ ಹಿಡಿದು ಮುಸುಡಿಯನ್ನು ಆಕಾಶಕ್ಕೆ ಎತ್ತುವುದು. ನೀವೇ ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ಒಂದು ಗುಟುಕು ನೀರು ನುಂಗಲು ಹೊರಡಿ, ಕಷ್ಟ ತಿಳಿಯುತ್ತದೆ. ಇನ್ನೊಂದು, ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದುಕೊಳ್ಳುವುದು. ನಾಲಿಗೆ ಹೊರಗಿದ್ದರೆ ನುಂಗಲು ಆಗುವುದೇ ಇಲ್ಲ. ಸುರಿದದ್ದು ತನ್ನ ಪಾಡಿಗೆ ತಾನು ಇಳಿಜಾರು ಹುಡುಕಿಕೊಳ್ಳುತ್ತದೆ.

ಪಳಗಿದವರು ಮಾಡುವುದನ್ನು ಹತ್ತಿರದಿಂದ ನೋಡಿ. ದನದ ಎದುರು ನಿಲ್ಲುವುದಿಲ್ಲ. ಅದರ ಕೊರಳಿಗೆ ತಾಗಿಕೊಂಡು, ಅದು ನೋಡುವ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತಾರೆ. ಒಂದು ತೋಳು ತಲೆಯನ್ನು ಬಳಸಿ ಮುಸುಡಿಗೆ ಆಸರೆಯಾಗುತ್ತದೆ. ಮುಸುಡಿ ಮಟ್ಟದಿಂದ ತುಸುವೇ ಮೇಲೆ. ಮೂಗು ಕಣ್ಣಿಗಿಂತ ಎತ್ತರಕ್ಕೆ ಹೋಗಬಾರದೆಂಬುದು ಲೆಕ್ಕ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ಖಾಲಿ ಜಾಗವಿದೆ. ಬಾಯಿಯ ಮೂಲೆಯಿಂದ ಅಲ್ಲಿಗೆ ಎರಡು ಬೆರಳು ತೂರಿಸಿದರೆ ದನ ತಾನಾಗಿ ಬಾಯಿ ತೆರೆದು ನಾಲಿಗೆ ಆಡಿಸುತ್ತದೆ. ಗೊಟ್ಟದ ಓರೆ ತುದಿ ಸೇರುವುದು ಆ ಸಂದಿಗೆ. ಒಂದು ಗುಟುಕು ಸುರಿದು ನಿಲ್ಲಿಸುತ್ತಾರೆ. ಕಣ್ಣು ಗೊಟ್ಟದ ಮೇಲಿರುವುದಿಲ್ಲ, ಗಂಟಲಿನ ಮೇಲಿರುತ್ತದೆ. ಕೊರಳ ಕೆಳಗೆ ಒಂದು ಅಲೆ ಇಳಿದದ್ದು ಕಂಡ ಮೇಲೆಯೇ ಎರಡನೆಯ ಗುಟುಕು. ದನ ಕೆಮ್ಮಿದರೆ, ಕೂಗಿದರೆ, ಒದ್ದಾಡಿದರೆ ಆ ಕ್ಷಣವೇ ತಲೆ ಬಿಟ್ಟುಬಿಡುತ್ತಾರೆ. ಕೂಗುವ ದನದ ಶ್ವಾಸನಾಳ ತೆರೆದಿರುತ್ತದೆ, ಆಗ ಸುರಿದದ್ದೆಲ್ಲ ನೇರ ಎದೆಗೇ.

ಒಂದು ಲೀಟರ್ ಕಷಾಯಕ್ಕೆ ಹೀಗೆ ಕಾಲು ಗಂಟೆ ಹಿಡಿದರೂ ಹಿಡಿಯಿತು. ನಾಲ್ಕು ಜನ ಸುತ್ತ ನಿಂತು 'ಬೇಗ ಹುಯ್ಯಿ, ಬೇಗ ಹುಯ್ಯಿ' ಎಂದು ಕೂಗುತ್ತಿರುವಾಗ ಕಾಲು ಗಂಟೆ ಕಳೆಯುವುದು ಸುಲಭವಲ್ಲ.

ಎಲ್ಲಕ್ಕಿಂತ ಅಪಾಯಕಾರಿ ಎಣ್ಣೆ. ನೀರು ತಪ್ಪು ದಾರಿಗೆ ಇಳಿದರೆ ದನ ಕೆಮ್ಮಿ ಎಚ್ಚರಿಸುತ್ತದೆ. ಎಣ್ಣೆ, ಅದರಲ್ಲೂ ಲಿಕ್ವಿಡ್ ಪ್ಯಾರಾಫಿನ್‌ನಂಥ ಖನಿಜ ತೈಲ, ನುಣ್ಣಗೆ ಜಾರುವುದರಿಂದ ಕೆಮ್ಮನ್ನೂ ಸರಿಯಾಗಿ ಎಬ್ಬಿಸುವುದಿಲ್ಲ. ಹುಯ್ದವರಿಗೆ ಸರಾಗವಾಗಿ ಕುಡಿಯಿತು ಎಂಬ ಸಮಾಧಾನ. ಒಂದೆರಡು ದಿನದ ಮೇಲೆ ಜ್ವರ, ಏದುಸಿರು, ಮೂಗಿನಲ್ಲಿ ಕೆಟ್ಟ ವಾಸನೆಯ ಸಿಂಬಳ. ಹೆಚ್ಚು ಪ್ರಮಾಣದ ಔಷಧಿ ಹೋಗಬೇಕಾದಾಗ ವೈದ್ಯರು ಬಾಯಿಂದಲೋ ಮೂಗಿನಿಂದಲೋ ನಳಿಕೆ ಇಳಿಸುವುದು ಇದಕ್ಕೇ. ನಳಿಕೆ ಹೊಟ್ಟೆಗೇ ಹೋಗಿದೆಯೇ ಎಂಬುದನ್ನು ಊದಿ, ಎಡಪಕ್ಕೆಗೆ ಕಿವಿಗೊಟ್ಟು, ಹೊರಬರುವ ಗಾಳಿಯ ವಾಸನೆ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸ.

ಯಾವ ಉಬ್ಬರ?

ದನಕ್ಕೆ ನಾಲ್ಕು ಹೊಟ್ಟೆ ಎನ್ನುತ್ತೇವೆ, ಇರುವುದು ನಾಲ್ಕು ಕೋಣೆಗಳ ಒಂದು ಹೊಟ್ಟೆ. ಮೊದಲ ಕೋಣೆ ರೂಮೆನ್, ಹೊಟ್ಟೆಯ ಎಡಭಾಗವನ್ನೆಲ್ಲ ತಾನೇ ತುಂಬಿಕೊಂಡಿರುವ ಹುದುಗಿನ ಹಂಡೆ. ದೊಡ್ಡ ಮಿಶ್ರತಳಿ ಹಸುವಿನಲ್ಲಿ ಅದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಹುಲ್ಲನ್ನು ಅರಗಿಸುವುದು ಹಸುವಲ್ಲ, ಅಲ್ಲಿ ಮನೆ ಮಾಡಿಕೊಂಡಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವು ಕೆಲಸ ಮಾಡುತ್ತಿರುವಷ್ಟು ಹೊತ್ತೂ ಇಂಗಾಲದ ಡೈಆಕ್ಸೈಡ್, ಮೀಥೇನ್ ಹುಟ್ಟುತ್ತಲೇ ಇರುತ್ತವೆ, ಗಂಟೆಗೆ ಹತ್ತಾರು ಲೀಟರ್. ನಿಮಿಷಕ್ಕೆ ಒಂದೆರಡು ಸಲ ರೂಮೆನ್ ಮಗುಚಿಕೊಳ್ಳುತ್ತದೆ, ಗಾಳಿ ತೇಗಾಗಿ ಹೊರಬೀಳುತ್ತದೆ. ಮೆಲುಕು ಹಾಕುವಾಗ ಇಳಿಯುವ ಜೊಲ್ಲು ದಿನಕ್ಕೆ ನೂರು ಲೀಟರಿನ ಆಸುಪಾಸು. ಅದರಲ್ಲಿ ಸೋಡಾದ ಅಂಶವಿರುವುದರಿಂದ ಹುಳಿ ಮಿತಿಮೀರುವುದಿಲ್ಲ. ಎಡಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಒಂದೆರಡು ನಿಮಿಷ ನಿಂತರೆ ಈ ಮಗುಚುವಿಕೆ ಕೈಗೆ ಸಿಗುತ್ತದೆ. ಸಾಕುವವರಿಗೆಲ್ಲ ತಿಳಿದಿರಬೇಕಾದ ಪರೀಕ್ಷೆ ಇದು, ಕಾಸಿನ ಖರ್ಚಿಲ್ಲ.

ತೇಗು ನಿಂತರೆ ಉಬ್ಬರ. ಅದು ಎರಡು ಕಾರಣಕ್ಕೆ ನಿಲ್ಲಬಹುದು. ಮಳೆ ಬಿದ್ದ ಮೇಲೆ ಚಿಗುರಿದ ಅಲಸಂದೆ, ಹುರುಳಿ, ಕುದುರೆಮೆಂತ್ಯದಂಥ ದ್ವಿದಳ ಮೇವನ್ನು ಹಸಿದ ಹೊಟ್ಟೆಗೆ ತಿಂದರೆ ಗಾಳಿಯೆಲ್ಲ ನೊರೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನೊರೆಯನ್ನು ತೇಗಲು ಬರುವುದಿಲ್ಲ. ಎಣ್ಣೆ ಕೆಲಸ ಮಾಡುವುದು ಇಲ್ಲಿ. ಕಡಲೆಕಾಯಿ ಎಣ್ಣೆಯೋ ಎಳ್ಳೆಣ್ಣೆಯೋ ಕಾಲು ಲೀಟರಿನಿಂದ ಅರ್ಧ ಲೀಟರ್ ಒಳಗೆ ಹೋದರೆ ಗುಳ್ಳೆಗಳು ಒಡೆದು ಗಾಳಿ ಬಿಡುಗಡೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಉಬ್ಬರದ ಬಾಟಲಿಗಳಲ್ಲಿರುವ ಸಿಮೆಥಿಕೋನ್ ಮಾಡುವುದೂ ಇದನ್ನೇ. ಹಳೆಯ ಕಾಲದ ಪಶುವೈದ್ಯಶಾಲೆಗಳಲ್ಲಿ ಎಣ್ಣೆಗೆ ತುಸು ಟರ್ಪೆಂಟೈನ್ ಬೆರೆಸಿ ಕೊಡುತ್ತಿದ್ದರು, ಆಮೇಲೆ ಕೆಲವು ದಿನ ಹಾಲಿಗೂ ಅದೇ ವಾಸನೆ. ಬೆರೆಸದೆ ಕೊಟ್ಟರೆ ಬಾಯಿ, ಗಂಟಲು ಸುಟ್ಟುಹೋಗುತ್ತವೆ.

ಇನ್ನೊಂದು ಬಗೆಯಲ್ಲಿ ನೊರೆ ಇಲ್ಲ, ದಾರಿಯೇ ಕಟ್ಟಿರುತ್ತದೆ. ಮಾವಿನ ಓಟೆ, ಹಲಸಿನ ದಿಂಡು, ತೆಂಗಿನ ಚೂರು ಅನ್ನನಾಳಕ್ಕೆ ಸಿಕ್ಕಿಕೊಂಡಿರಬಹುದು. ಅಂಥ ದನ ಜೊಲ್ಲು ಸುರಿಸುತ್ತ, ಕತ್ತು ಚಾಚುತ್ತ ನಿಂತಿರುತ್ತದೆ. ಇಲ್ಲಿ ಎಣ್ಣೆ ಹುಯ್ದರೆ ಅದು ಮುಂದೆ ಹೋಗಲಾರದು, ತಿರುಗಿ ಶ್ವಾಸನಾಳಕ್ಕೇ ಬರುತ್ತದೆ. ಒಂದೇ ಬಗೆಯ ಉಬ್ಬು, ಒಂದೇ ಬಗೆಯ ತಮಟೆ ಸದ್ದು. ಅದೇ ಬಾಟಲಿ ಒಂದು ಕಡೆ ಮದ್ದು, ಇನ್ನೊಂದು ಕಡೆ ಮೃತ್ಯು.

ಉಬ್ಬರ ಸಣ್ಣದಾಗಿದ್ದರೆ ಬಾಟಲಿಗಿಂತ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ಬೇವಿನದೋ ಮತ್ತಾವುದೋ ಕಡ್ಡಿಯನ್ನು ಬಾಯಿಗೆ ಅಡ್ಡಲಾಗಿ, ಕಡಿವಾಣದ ಹಾಗೆ ಕಟ್ಟುವುದು. ದನ ಅದನ್ನು ಅಗಿಯುತ್ತ ಜೊಲ್ಲು ನುಂಗುತ್ತದೆ, ತೇಗು ಬಿಡುತ್ತದೆ. ಮುಂಗಾಲು ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಇದರಿಂದ ಯಾವ ದನವೂ ಸಾಯುವುದಿಲ್ಲ. ಉಬ್ಬು ಬೆನ್ನೆಲುಬಿನ ಮಟ್ಟ ಮೀರಿ, ದನ ಉಸಿರಿಗೆ ಬಾಯಿ ತೆರೆದರೆ ಆಗ ಕಡ್ಡಿಯೂ ಇಲ್ಲ, ಎಣ್ಣೆಯೂ ಇಲ್ಲ. ಎಡಪಕ್ಕೆಗೆ ಟ್ರೋಕಾರ್ ಚುಚ್ಚಿ ಗಾಳಿ ಬಿಡಬೇಕು, ಅದು ವೈದ್ಯರ ಕೆಲಸ.

ಹಬ್ಬದ ಮರುದಿನ

ಪಶುವೈದ್ಯರ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುವುದು ಹಬ್ಬದ ಮರುದಿನ. ದೀಪಾವಳಿಯ ಗೋಪೂಜೆಗೆ ಪಾಯಸ, ಕಡುಬು, ಹೋಳಿಗೆ. ಮದುವೆ ಮನೆಯಲ್ಲಿ ಉಳಿದ ಅನ್ನವೆಲ್ಲ ಕೊಟ್ಟಿಗೆಗೆ. ಪ್ರೀತಿಯಿಂದ ಇಟ್ಟದ್ದೇ, ಸಂಶಯವಿಲ್ಲ. ಆದರೆ ಹುಲ್ಲಿಗೆ ಒಗ್ಗಿದ ರೂಮೆನ್‌ಗೆ ಬುಟ್ಟಿಗಟ್ಟಲೆ ಪಿಷ್ಟ ಬಿದ್ದಾಗ ಒಂದು ಜಾತಿಯ ಬ್ಯಾಕ್ಟೀರಿಯಾ ಎಲ್ಲೆ ಮೀರಿ ಬೆಳೆದು ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತದೆ. ಆರರಿಂದ ಏಳರ ನಡುವೆ ಇರಬೇಕಾದ ಪಿಎಚ್ ಐದಕ್ಕೂ ಕೆಳಗಿಳಿಯುತ್ತದೆ. ಹುಲ್ಲು ಅರಗಿಸುವ ಜೀವಿಗಳೆಲ್ಲ ಸಾಯುತ್ತವೆ, ಮೈಯೊಳಗಿನ ನೀರು ಹೊಟ್ಟೆಗೆ ಸೆಳೆದುಕೊಂಡು ಕಣ್ಣು ಗುಳಿಬೀಳುತ್ತದೆ. ಹುಳಿ ವಾಸನೆಯ ತೆಳ್ಳನೆಯ ಸಗಣಿ, ತೂರಾಡುವ ನಡಿಗೆ, ಕೊನೆಗೆ ನೆಲ ಹಿಡಿಯುವುದು.

ಇಂಥ ಹಸುವಿಗೆ ಮನೆಯವರು ಮೊದಲು ಕೊಡುವುದೇನು? ಹುಳಿ ಮಜ್ಜಿಗೆಗೆ ಬೆಲ್ಲ ಕದಡಿ. ಹುಳಿಗೆ ಹುಳಿ, ಅದರ ಮೇಲೆ ಸಕ್ಕರೆ. ಬೇಕಾಗಿರುವುದು ಇದಕ್ಕೆ ತದ್ವಿರುದ್ಧವಾದ ಅಡುಗೆ ಸೋಡಾ, ಮೆಗ್ನೀಷಿಯಂ ಆಕ್ಸೈಡ್‌ನಂಥ ಕ್ಷಾರ. ಹೆಚ್ಚಿನ ಪ್ರಕರಣಗಳಲ್ಲಿ ರಕ್ತನಾಳಕ್ಕೆ ದ್ರವವೂ ಬೇಕಾಗುತ್ತದೆ. ಹಾಗೆಂದು ಸೋಡಾ ಎಲ್ಲಕ್ಕೂ ಮದ್ದಲ್ಲ. ಗದ್ದೆಯ ಬದುವಿನಲ್ಲಿ ಒಡೆದ ಯೂರಿಯಾ ಚೀಲ ನೆಕ್ಕಿದ ದನದ ಹೊಟ್ಟೆಯಲ್ಲಿ ಅಮೋನಿಯಾ ಏರಿ ಕ್ಷಾರವೇ ಹೆಚ್ಚಾಗಿರುತ್ತದೆ. ಅದಕ್ಕೆ ಕೊಡುವುದು ವಿನೆಗರ್ ಮತ್ತು ಧಾರಾಳವಾಗಿ ತಣ್ಣೀರು. ಅಲ್ಲಿ ಸೋಡಾ ಹುಯ್ದರೆ ವಿಷಕ್ಕೆ ಬಲ ಬರುತ್ತದೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ತಿಂದ ಎತ್ತು ಧೊಪ್ಪನೆ ಬಿದ್ದರೆ ಅದು ಸಯನೈಡ್ ವಿಷ, ಕಷಾಯ ಕಾಸುವಷ್ಟು ಹೊತ್ತೂ ಅದಕ್ಕೆ ಉಳಿದಿರುವುದಿಲ್ಲ. ಪೇಟೆಯ ಬೀದಿ ಹಸುವಿನ ಹೊಟ್ಟೆ ಮತ್ತೆ ಮತ್ತೆ ಉಬ್ಬುತ್ತಿದ್ದರೆ ಒಳಗೆ ಪ್ಲಾಸ್ಟಿಕ್ ಗಂಟು ಇದ್ದೀತು. ಯಾವ ಓಮದ ಕಷಾಯವೂ ಪ್ಲಾಸ್ಟಿಕ್ಕನ್ನು ಕರಗಿಸದು. ಹೊಟ್ಟೆ ಕೊಯ್ದೇ ತೆಗೆಯಬೇಕು.

ನನಗೆ ಅತ್ಯಂತ ಕುತೂಹಲದ್ದೆನಿಸುವ ಔಷಧಿ ಮಾತ್ರ ಅಂಗಡಿಯದ್ದೂ ಅಲ್ಲ, ಅಟ್ಟದ್ದೂ ಅಲ್ಲ. ಪಕ್ಕದ ಹಸುವಿನ ಮೆಲುಕು! ಆರೋಗ್ಯವಂತ ದನ ಮೆಲುಕು ಹಾಕುತ್ತಿರುವಾಗ ಅದರ ಬಾಯಿಂದ ಒಂದು ತುತ್ತು ಕಸಿದು ಕಾಯಿಲೆಯ ದನದ ಬಾಯಿಗೆ ತುರುಕುವ ರೂಢಿ ಹಲವು ದೇಶಗಳ ದನಗಾಹಿಗಳಲ್ಲಿ ಇತ್ತು. ನೋಡಿದವರಿಗೆ ಮೂಢನಂಬಿಕೆ ಅನ್ನಿಸಬಹುದು. ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮಾಡುವುದೂ ತತ್ವದಲ್ಲಿ ಇದನ್ನೇ. ಆರೋಗ್ಯವಂತ ಪ್ರಾಣಿಯ ರೂಮೆನ್ ರಸವನ್ನು ಸೋಸಿ, ಬಿಸಿ ಆರುವ ಮುನ್ನ ನಳಿಕೆಯಲ್ಲಿ ರೋಗಿಯ ಹೊಟ್ಟೆಗೆ ಇಳಿಸುತ್ತಾರೆ. ಆಮ್ಲ ತಣಿದ ಮೇಲೆ, ಸತ್ತುಹೋದ ಜೀವಿಗಳ ಜಾಗಕ್ಕೆ ಹೊಸ ಬೀಜ ಬಿತ್ತಿದಂತಾಗುತ್ತದೆ. ಎಷ್ಟೋ ದಿನ ಮೇವು ಬಿಟ್ಟ ದನ ಇದರಿಂದ ಹುಲ್ಲಿಗೆ ಬಾಯಿ ಹಾಕುವುದುಂಟು.

ಕುಡಿಸಲೇಬಾರದ ಹೊತ್ತು

ಕರು ಹಾಕಿದ ಮೂರು ದಿನದೊಳಗೆ, ಹಾಲು ಚೆನ್ನಾಗಿರುವ ಹಸು ಕುಸಿದು ಕೂರುತ್ತದೆ. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡಿರುತ್ತದೆ, ಕಿವಿ ತಣ್ಣಗಿರುತ್ತದೆ, ಹೊಟ್ಟೆ ಉಬ್ಬಿರುತ್ತದೆ. ಉಬ್ಬಿರುವುದು ಕಂಡದ್ದೇ ತಡ, ಎಣ್ಣೆ ಬಾಟಲಿ ಹೊರಬರುತ್ತದೆ. ಇದು ಹಾಲುಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ರಕ್ತದ ಕ್ಯಾಲ್ಸಿಯಂ ಕೆಚ್ಚಲಿಗೆ ಹರಿದುಹೋಗಿ ಸ್ನಾಯುಗಳೆಲ್ಲ ಸೋತಿರುತ್ತವೆ, ನುಂಗುವ ಸ್ನಾಯುವೂ ಸೇರಿ. ತೇಗಲಾರದ್ದಕ್ಕೇ ಹೊಟ್ಟೆ ಉಬ್ಬಿದೆ, ಅದೇ ಕಾರಣಕ್ಕೆ ನುಂಗಲೂ ಆಗದು. ಬಾಯಿಗೆ ಹುಯ್ದ ಪ್ರತಿ ಹನಿಯೂ ಶ್ವಾಸಕೋಶಕ್ಕೆ. ರಕ್ತನಾಳಕ್ಕೆ ನಿಧಾನವಾಗಿ ಒಂದು ಬಾಟಲಿ ಕ್ಯಾಲ್ಸಿಯಂ ಇಳಿದರೆ ಎಷ್ಟೋ ಹಸುಗಳು ವೈದ್ಯರು ಬೈಕು ಹತ್ತುವ ಮೊದಲೇ ಎದ್ದು ನಿಲ್ಲುತ್ತವೆ. ಎಣ್ಣೆ ಕುಡಿದದ್ದೂ ಎದ್ದು ನಿಲ್ಲುತ್ತದೆ, ವಾರದೊಳಗೆ ನಿಮೋನಿಯಾಕ್ಕೆ ಬೀಳುತ್ತದೆ. ಗಂಟಲು ಊದುವ ಗಳಲೆ ರೋಗದಲ್ಲೂ ಹೀಗೆಯೇ, ಬಾಯಿಂದ ಏನೂ ಕೊಡುವಂತಿಲ್ಲ.

ಇನ್ನೊಂದು ಸಂದರ್ಭ ದನಕ್ಕಲ್ಲ, ಮನುಷ್ಯನಿಗೇ ಕುತ್ತು. ಹುಚ್ಚುನಾಯಿ ಕಚ್ಚಿದ್ದು ಮನೆಯವರಿಗೆ ಗೊತ್ತೇ ಇರುವುದಿಲ್ಲ, ತಿಂಗಳುಗಳೇ ಕಳೆದಿರಬಹುದು. ಹಸು ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ನೀರು ನುಂಗಲಾರದೆ ಒದ್ದಾಡುತ್ತದೆ, ದನಿ ಒಡೆದು ಕರ್ಕಶವಾಗಿ ಕೂಗುತ್ತದೆ, ಸಗಣಿ ಹಾಕಲು ಪದೇಪದೇ ತಿಣುಕುತ್ತದೆ. ಒಬ್ಬರು ಗಂಟಲಲ್ಲಿ ಏನೋ ಸಿಕ್ಕಿದೆ ಎನ್ನುತ್ತಾರೆ, ಇನ್ನೊಬ್ಬರು ಮಲಬದ್ಧತೆ ಎನ್ನುತ್ತಾರೆ. ಒಬ್ಬ ಬಾಯೊಳಗೆ ಕೈ ಹಾಕಿ ತಡಕುತ್ತಾನೆ, ಇನ್ನೊಬ್ಬ ಗೊಟ್ಟ ಹಿಡಿಯುತ್ತಾನೆ. ಜೊಲ್ಲಿನಲ್ಲಿ ರೇಬೀಸ್ ವೈರಾಣು, ಬೆರಳ ಸಂದಿಯಲ್ಲಿ ಹುಲ್ಲು ಕೊಯ್ದ ಗಾಯ. ನುಂಗಲಾರದೆ ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬಾರದು ಎಂಬುದನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿದರೂ ತಪ್ಪಿಲ್ಲ. ಈಗಾಗಲೇ ಹಾಕಿದ್ದರೆ ಸೋಪು, ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಬೇಕು.

ಕರುಗಳದ್ದು ಬೇರೆಯೇ ಲೆಕ್ಕ. ಕರು ಚೀಪುವಾಗ ಅನ್ನನಾಳದ ತುದಿಯಲ್ಲಿ ಒಂದು ಮಡಿಕೆ ಮುಚ್ಚಿ ಕಾಲುವೆಯಾಗುತ್ತದೆ, ಹಾಲು ರೂಮೆನ್‌ಗೆ ಬೀಳದೆ ನೇರ ನಿಜವಾದ ಜಠರಕ್ಕೆ ಹೋಗುತ್ತದೆ. ಬಾಯಿ ಅಗಲಿಸಿ ಹುಯ್ದರೆ ಆ ಕಾಲುವೆ ಸರಿಯಾಗಿ ಮುಚ್ಚುವ ಭರವಸೆಯಿಲ್ಲ. ಭೇದಿಯಾದ ಕರುವಿಗೆ ಉಪ್ಪು ಸಕ್ಕರೆಯ ನೀರನ್ನು ಮೊಲೆತೊಟ್ಟಿನ ಬಾಟಲಿಯಲ್ಲಿ ಚೀಪಿಸುವುದೇ ಲೇಸು.

ಕುರಿಗಾಹಿಗಳ ಕೈಗೆ ಬಂದಿರುವ ಡ್ರೆಂಚಿಂಗ್ ಗನ್ ಬಗ್ಗೆಯೂ ಒಂದು ಮಾತು. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ದನಗಳು ಸುಮಾರು 85 ಲಕ್ಷ, ಕುರಿಗಳು 1 ಕೋಟಿ 10 ಲಕ್ಷದಷ್ಟು. ಊರಿಂದೂರಿಗೆ ಅಲೆಯುವ ಹಿಂಡಿಗೆ ಜಂತುನಾಶಕ ಹಾಕುವಾಗ ಒಂದೊಂದಕ್ಕೂ ಗುಟುಕು ಎಣಿಸುತ್ತ ಕೂರಲು ಆಗುವುದಿಲ್ಲ, ನಿಜ. ಆದರೆ ಲೋಹದ ಮೂತಿ ಗಂಟಲ ಹಿಂಗೋಡೆಗೆ ತಿವಿದು ಗಾಯವಾದರೆ ಅಲ್ಲಿ ಕೀವು ತುಂಬಿ ಕುರಿ ಸಾಯುತ್ತದೆ. ಮೂತಿ ಬಾಯಿಯ ಮೂಲೆಯಿಂದ, ನಾಲಿಗೆಯ ಮೇಲೆ ಇರಬೇಕು, ಅದಕ್ಕಿಂತ ಆಳಕ್ಕಲ್ಲ. ಔಷಧಿ ಉಳಿಸಲು ಪ್ರಮಾಣ ಕಡಿಮೆ ಮಾಡುವ ರೂಢಿಯೂ ಇದೆ. ಸಾಯದೆ ಉಳಿದ ಹುಳು ಆ ಔಷಧಿಗೆ ಜಗ್ಗದ ಸಂತತಿಯನ್ನು ಬೆಳೆಸುತ್ತದೆ, ಮುಂದಿನ ವರ್ಷ ಪೂರ್ತಿ ಪ್ರಮಾಣ ಹಾಕಿದರೂ ಕುರಿಯ ಗದ್ದದ ಕೆಳಗೆ ನೀರು ತುಂಬುವುದು ನಿಲ್ಲುವುದಿಲ್ಲ.

ನಾಟಿ ಮದ್ದಿನ ವಿರುದ್ಧ ಇಷ್ಟೆಲ್ಲ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ದನದ ವೈದ್ಯಕ್ಕೆ ಕನ್ನಡದಲ್ಲಿ ಹಳೆಯ ಬೇರಿದೆ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 12ನೇ ಶತಮಾನದಲ್ಲೇ 'ಗೋವೈದ್ಯ' ಎಂಬ ಗ್ರಂಥ ಬರೆದ, ಮದ್ದು ಮಂತ್ರಗಳೆರಡೂ ಅದರಲ್ಲಿವೆ. ಈಗ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ನಾಟಿ ಪಶುವೈದ್ಯದ ಪಾಕಗಳನ್ನು ಹಾಲು ಉತ್ಪಾದಕರಿಗೆ ತಲುಪಿಸುತ್ತಿದೆ. ಅದರ ಅಜೀರ್ಣದ ಪಾಕದಲ್ಲಿ ಅಜ್ಜಿಯರ ಸಾಮಾನೇ ಇದೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಜೀರಿಗೆ, ಮೆಣಸು, ಅರಿಶಿನ, ವೀಳ್ಯದೆಲೆ. ನನಗೆ ಹಿಡಿಸಿದ್ದು ಕೊಡುವ ಕ್ರಮ. ಅರೆದು, ಬೆಲ್ಲ ಬೆರೆಸಿ ಉಂಡೆ ಕಟ್ಟಿ, ಉಪ್ಪಿನಲ್ಲಿ ಹೊರಳಿಸಿ ಸ್ವಲ್ಪ ಸ್ವಲ್ಪವೇ ತಿನ್ನಿಸುವುದು. ಉಂಡೆಯನ್ನು ದನ ತಾನೇ ಅಗಿದು ನುಂಗುವುದರಿಂದ ದ್ರವ ದಾರಿ ತಪ್ಪುವ ಭಯ ಅಷ್ಟಾಗಿ ಇಲ್ಲ. ಅನ್ನ ತಿಂದು ಹುಳಿಯೆದ್ದ ಹೊಟ್ಟೆಗೆ ಮಾತ್ರ ಬೆಲ್ಲದುಂಡೆ ಬೇಡ.

1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆಬಾಗಿಲಿಗೆ ಬರುವ ವ್ಯವಸ್ಥೆ ಈಗಿದೆ. ದೂರದ ಹಳ್ಳಿಗೆ ತಲುಪಲು ಹೊತ್ತು ಹಿಡಿಯುತ್ತದೆ, ಆ ನಡುವೆ ಕೈಕಟ್ಟಿ ಕೂರಲು ಮನಸ್ಸು ಬರುವುದಿಲ್ಲ, ಅರ್ಥವಾಗುತ್ತದೆ. ವೈದ್ಯರು ಬಂದವರೇ ಕೇಳುವುದು, ನಿನ್ನೆಯಿಂದ ಏನು ತಿಂದಿದೆ, ಕರು ಹಾಕಿ ಎಷ್ಟು ದಿನ, ಸಗಣಿ ಹೇಗಿದೆ. ಕೊನೆಯದಾಗಿ, ಏನಾದರೂ ಕುಡಿಸಿದಿರಾ? ಈ ಪ್ರಶ್ನೆಗೆ ಬರುವ ಉತ್ತರ ನಮ್ಮ ನಾಡಿನಲ್ಲಿ ಒಂದೇ: 'ಏನೂ ಇಲ್ಲ ಸಾರ್.' ವೈದ್ಯರು ವಾದಕ್ಕೆ ಇಳಿಯುವುದಿಲ್ಲ. ಹಸುವಿನ ಬಾಯಿಯ ಹತ್ತಿರ ಬಗ್ಗಿ ಮೂಸುತ್ತಾರೆ. ಇಂಗಿನ ವಾಸನೆ ಬಂದರೆ ಸುಮ್ಮನಾಗುತ್ತಾರೆ. ಸೀಮೆಎಣ್ಣೆಯ ವಾಸನೆ ಬಂದರೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಎರಡೂ ಕಡೆ ಬಹಳ ಹೊತ್ತು ಕೇಳಿಸಿಕೊಳ್ಳುತ್ತಾರೆ.